ಮತಯಂತ್ರ: ಮತಗಟ್ಟೆಯ ಮೇಜಿನ ಈಚೆಯಿಂದ ಒಂದು ವಿಮರ್ಶೆ

ಮಿಕ್ಸಿ, ಮೊಬೈಲು, ಸ್ಕೂಟರು ಕೊಂಡವರು ಅದರ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ನಾವೆಲ್ಲ ಸಾಲಿನಲ್ಲಿ ನಿಂತು ಬಳಸುವ ಮತಯಂತ್ರದ ಬಗ್ಗೆ ಮಾತ್ರ ನನಗೆ ಎರಡೇ ಬಗೆಯ ಮಾತು ಕೇಳಿಸುತ್ತದೆ. ‘ಅದರಲ್ಲಿ ಏನೋ ಮಾಡ್ತಾರೆ’ ಅನ್ನುವವರು ಒಂದು ಕಡೆ. ‘ಅದರಲ್ಲಿ ಏನೂ ಮಾಡಕ್ಕಾಗಲ್ಲ’ ಅನ್ನುವವರು ಇನ್ನೊಂದು ಕಡೆ. ಆ ಯಂತ್ರ ಬಳಸುವವರಿಗೆ ಹೇಗೆ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ, ಊರಿನ ಬದುಕಿನಲ್ಲಿ ಏನನ್ನು ಬದಲಿಸಿತು ಅಂತ ಯಾರೂ ಬರೆದದ್ದು ನಾನು ಕಂಡಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ತಿಪಟೂರು ಸೀಮೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಈಚೆಗೆ ನಿವೃತ್ತಿಯಾಯಿತು. ಸರ್ಕಾರಿ ಟೀಚರ್ ಅಂದ ಮೇಲೆ ಚುನಾವಣೆ ಡ್ಯೂಟಿ ಇದ್ದದ್ದೇ. ಕಬ್ಬಿಣದ ಪೆಟ್ಟಿಗೆಯ ಕಾಲದಲ್ಲಿ ಪೋಲಿಂಗ್ ಆಫೀಸರ್ ಆಗಿ ಬೆರಳಿಗೆ ಶಾಯಿ ಹಚ್ಚುತ್ತಿದ್ದೆ. ಮತದ ಚೀಟಿ ತೋರಿಸುವ ವಿವಿಪ್ಯಾಟ್ ಬರುವ ಹೊತ್ತಿಗೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ ಆಗಿದ್ದೆ. ಈ ಮಾತು ಈಗ ಬೇಕು ಅನ್ನಿಸಲು ಒಂದು ಕಾರಣವಿದೆ. 2025ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ, ಸ್ಥಳೀಯ ಸಂಸ್ಥೆಗಳ ಚುನಾವಣೆಯನ್ನು ಬ್ಯಾಲೆಟ್ ಪೇಪರಿನಲ್ಲೇ ನಡೆಸಿ ಅಂತ ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಲು ತೀರ್ಮಾನಿಸಿತು. ಪೇಪರೋ ಯಂತ್ರವೋ ಅನ್ನುವ ಜಗಳ ಮತ್ತೆ ಶುರುವಾಯಿತು. ಎರಡನ್ನೂ ಕೈಯಲ್ಲಿ ಹಿಡಿದವಳಾಗಿ ಹೇಳುತ್ತೇನೆ. ಯಂತ್ರ ಒಬ್ಬೊಬ್ಬರ ಗುಟ್ಟನ್ನು ಬಹಳ ಚೆನ್ನಾಗಿ ಕಾಯುತ್ತದೆ. ಊರಿನ ಗುಟ್ಟನ್ನು ಕಾಯುವುದಿಲ್ಲ.

ಮೊದಲು ಸಾಮಾನಿನ ಪರಿಚಯ. ಮಸ್ಟರಿಂಗ್ ದಿನ, ಅಂದರೆ ಸಾಮಾನು ತೆಗೆದುಕೊಂಡು ಮತಗಟ್ಟೆಗೆ ಹೊರಡುವ ದಿನ, ತಾಲ್ಲೂಕು ಕೇಂದ್ರದ ಕಾಲೇಜು ಮೈದಾನದಲ್ಲಿ ನಮಗೆ ಮೂರು ಪೆಟ್ಟಿಗೆ ಕೊಡುತ್ತಾರೆ. ಒಂದು ಕಂಟ್ರೋಲ್ ಯೂನಿಟ್. ಇದು ಅಧಿಕಾರಿಯ ಮೇಜಿನ ಮೇಲೆ ಇರುತ್ತದೆ. ಇನ್ನೊಂದು ಬ್ಯಾಲೆಟ್ ಯೂನಿಟ್. ಅಭ್ಯರ್ಥಿಗಳ ಹೆಸರು, ಚಿಹ್ನೆ, ನೀಲಿ ಗುಂಡಿ ಇರುವುದು ಇದರಲ್ಲೇ. ಮೂರನೆಯದು ವಿವಿಪ್ಯಾಟ್, ಅಂದರೆ ಹಾಕಿದ ಮತದ ಚೀಟಿ ತೋರಿಸುವ ಪ್ರಿಂಟರ್. ಇವೆರಡೂ ರಟ್ಟಿನ ಮರೆಯ ಒಳಗೆ ಕೂರುತ್ತವೆ. ಇವನ್ನು ತಯಾರಿಸುವುದು ಎರಡೇ ಕಡೆ: ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್. ಬೆರಳಿನ ಶಾಯಿಯೂ ನಮ್ಮದೇ. 1962ರಿಂದ ಅದು ಮೈಸೂರಿನ ಬಣ್ಣ ಮತ್ತು ಅರಗಿನ ಕಾರ್ಖಾನೆಯಿಂದ ದೇಶಕ್ಕೆಲ್ಲ ಹೋಗುತ್ತಿದೆ. ಯಾವ ಊರಿನ ಮತಗಟ್ಟೆಗೆ ಹೋದರೂ ಆ ಚಿಕ್ಕ ಬಾಟಲಿ ನೋಡಿದರೆ ನನಗೆ ಖುಷಿ.

ಯಂತ್ರದ ಮೊದಲ ಒಳ್ಳೆಯ ಗುಣ ಅಂದರೆ ಅದಕ್ಕೆ ಕರೆಂಟೂ ಬೇಡ, ನೆಟ್‌ವರ್ಕೂ ಬೇಡ. ಬ್ಯಾಟರಿಯಲ್ಲಿ ಓಡುತ್ತದೆ. ಯಾವ ಇಂಟರ್ನೆಟ್ಟಿಗೂ ಸೇರಿಸಿರುವುದಿಲ್ಲ. ಹಳ್ಳಿ ಶಾಲೆಯಲ್ಲಿ ಸಂಜೆ ಐದಕ್ಕೆ ಮಳೆ ಹಿಡಿದು ಕರೆಂಟ್ ಹೋದರೆ ನಾವು ಮೇಣದ ಬತ್ತಿ ಹುಡುಕುತ್ತೇವೆ, ಯಂತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ಇವತ್ತು ಯಾವ ಸರ್ಕಾರಿ ಸೇವೆಗೆ ಹೋದರೂ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಅನ್ನುವ ಮಾತು ಕೇಳುತ್ತೇವೆ. ಮತಗಟ್ಟೆಯಲ್ಲಿ ಆ ಮಾತಿಗೆ ಜಾಗವೇ ಇಲ್ಲ. ಸರ್ವರೇ ಇಲ್ಲದ ಹಾಗೆ ಅದನ್ನು ಕಟ್ಟಿದ್ದಾರೆ.

ಎರಡನೆಯದು ಸದ್ದು. ಮೇಜಿನ ಮೇಲೆ ಅಧಿಕಾರಿ ‘ಬ್ಯಾಲೆಟ್’ ಗುಂಡಿ ಒತ್ತಿದರೆ ಮರೆಯೊಳಗಿನ ಯೂನಿಟ್‌ನಲ್ಲಿ ಹಸಿರು ದೀಪ ಹೊತ್ತುತ್ತದೆ. ಮತದಾರರು ನೀಲಿ ಗುಂಡಿ ಒತ್ತಿದರೆ ಚಿಹ್ನೆಯ ಪಕ್ಕ ಕೆಂಪು ದೀಪ. ಆಮೇಲೆ ಚೀಟಿ. ಆಮೇಲೆ ಕೀಂ ಅಂತ ಉದ್ದನೆಯ ಸದ್ದು. ಒತ್ತಿದ್ದು ಯಾವ ಗುಂಡಿ ಅನ್ನುವುದು ಒಬ್ಬರಿಗೇ ಗೊತ್ತು. ಒಂದು ಮತ ಬಿತ್ತು ಅನ್ನುವುದು ಇಡೀ ಕೋಣೆಗೆ ಗೊತ್ತು. ಗೋಡೆ ಪಕ್ಕ ಕೂತ ಪಕ್ಷಗಳ ಏಜೆಂಟರು ತಲೆ ಎತ್ತದೆಯೇ ಎಣಿಕೆ ಇಟ್ಟುಕೊಳ್ಳುತ್ತಾರೆ. ಹೊರಗೆ ಬರುವ ಅಜ್ಜಿ ‘ಕೂಗ್ತು ಕಣವ್ವ’ ಅಂತ ಮುಂದಿನವರಿಗೆ ಹೇಳಿ ಹೋಗುತ್ತಾರೆ. ಗುಟ್ಟಾಗಿ ಇರಬೇಕಾದದ್ದು ಗುಟ್ಟು, ಎಲ್ಲರಿಗೂ ತಿಳಿಯಬೇಕಾದದ್ದು ಬಯಲು. ಇದನ್ನು ಒಂದು ಬೀಪಿನಲ್ಲಿ ಸಾಧಿಸಿದವರ ಬಗ್ಗೆ ನನಗೆ ನಿಜವಾದ ಗೌರವವಿದೆ. ಯಂತ್ರದ ಹೊರರೂಪ ಮಾಡಿದ್ದು ಮುಂಬೈ ಐಐಟಿಯ ಇಂಡಸ್ಟ್ರಿಯಲ್ ಡಿಸೈನ್ ಸೆಂಟರಿನ ಅಧ್ಯಾಪಕರು.

ಪೇಪರ್ ಕಾಲ ನೋಡದವರಿಗೆ ಈ ಸುಲಭದ ಬೆಲೆ ತಿಳಿಯುವುದು ಕಷ್ಟ. ಆಗ ಮತಪತ್ರದ ಮೇಲೆ ಬಾಣದ ಗುರುತಿನ ರಬ್ಬರ್ ಮೊಹರು ಒತ್ತಬೇಕಿತ್ತು. ಎರಡು ಚಿಹ್ನೆಗಳ ನಡುವಿನ ಗೆರೆಯ ಮೇಲೆ ಬಿದ್ದರೆ ಜಗಳ. ಶಾಯಿ ಒಣಗುವ ಮೊದಲು ತಪ್ಪಾಗಿ ಮಡಚಿದರೆ ಇನ್ನೊಂದು ಚಿಹ್ನೆಯ ಮೇಲೂ ಅಚ್ಚು ಮೂಡುತ್ತಿತ್ತು. ಮೊಹರಿನ ಬದಲು ಹೆಬ್ಬೆಟ್ಟು ಒತ್ತಿದವರೂ ಇದ್ದರು, ಪ್ರೀತಿಯಿಂದ ಹೆಸರು ಬರೆದವರೂ ಇದ್ದರು. ಇಂಥವುಗಳಲ್ಲಿ ಎಷ್ಟೋ ಎಣಿಕೆ ಮೇಜಿನಲ್ಲಿ ತಿರಸ್ಕೃತ. ಓದು ಬಾರದವರ, ಕೈ ನಡುಗುವವರ ಮತವೇ ಹೆಚ್ಚಾಗಿ ಹೀಗೆ ಹೋಗುತ್ತಿತ್ತು. ಬಿಸಿಲಲ್ಲಿ ಗಂಟೆಗಟ್ಟಲೆ ನಿಂತು ಹಾಕಿದ ಮತ ಲೆಕ್ಕಕ್ಕೇ ಇಲ್ಲ. ಯಂತ್ರದಲ್ಲಿ ಗುಂಡಿ ಒತ್ತಿದರೆ ಮತ ಬಿತ್ತು ಅಂತಲೇ ಅರ್ಥ. ಕುಲಗೆಡುವ ದಾರಿಯೇ ಇಲ್ಲ.

2004ರ ವಿಧಾನಸಭಾ ಚುನಾವಣೆ ನೆನಪಿರಲಿ. ಆ ವರ್ಷವೇ ಲೋಕಸಭೆಯ 543 ಕ್ಷೇತ್ರಗಳಲ್ಲೂ ಯಂತ್ರ ಬಂದದ್ದು. ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತ. ಇಷ್ಟು ಹತ್ತಿರದ ಫಲಿತಾಂಶದಲ್ಲಿ ಮೊಹರು ಯಾವ ಗೆರೆ ದಾಟಿತು ಅಂತ ಭೂತಗನ್ನಡಿ ಹಿಡಿದು ಕೂರುವುದನ್ನು ಊಹಿಸಿಕೊಳ್ಳಿ.

ಗುಂಡಿಯ ವಿನ್ಯಾಸ ಜನರ ನಡವಳಿಕೆಯನ್ನೇ ಬದಲಿಸಬಹುದು ಅನ್ನುವುದಕ್ಕೆ ನೋಟಾ ಒಳ್ಳೆಯ ಉದಾಹರಣೆ. ‘ಯಾರೂ ಬೇಡ’ ಅನ್ನುವ ಹಕ್ಕು ಮೊದಲೂ ಇತ್ತು. ನಿಯಮ 49-ಓ ಅಂತ ಕರೆಯುತ್ತಿದ್ದರು. ಆದರೆ ಅದನ್ನು ಬಳಸುವುದು ಹೇಗಿತ್ತು ಗೊತ್ತಾ? ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ರಿಜಿಸ್ಟರಿಗೆ ಸಹಿ ಹಾಕಿದ ಮೇಲೆ, ಅಧ್ಯಕ್ಷಾಧಿಕಾರಿ ಹತ್ತಿರ ಬಂದು ‘ನಾನು ಮತ ಹಾಕುವುದಿಲ್ಲ’ ಅಂತ ಬಾಯಿಬಿಟ್ಟು ಹೇಳಬೇಕು. ಅಧಿಕಾರಿ ಷರಾ ಬರೆಯಬೇಕು. ಅದರ ಕೆಳಗೆ ಇನ್ನೊಮ್ಮೆ ಸಹಿ. ಎಲ್ಲ ಪಕ್ಷದ ಏಜೆಂಟರೂ ಎದುರಿಗೇ ಕೂತಿರುತ್ತಾರೆ. ಯಾವ ಕೂಲಿಯವಳಿಗೆ ಆ ಧೈರ್ಯ ಬರಬೇಕು? ಸುಪ್ರೀಂ ಕೋರ್ಟ್ 2013ರ ಸೆಪ್ಟೆಂಬರ್ 27ರಂದು, ಮತ ಹಾಕದೆ ಇರುವವರ ಗುಟ್ಟೂ ಗುಟ್ಟೇ ಅಂತ ಹೇಳಿತು. ಆಮೇಲೆ ಪಟ್ಟಿಯ ಕೊನೆಗೆ ಒಂದು ಗುಂಡಿ ಸೇರಿತು. ಕಾನೂನಿನಲ್ಲಿ ಇದ್ದೂ ಇಲ್ಲದಂತಿದ್ದ ಹಕ್ಕು ಒಂದು ನೀಲಿ ಗುಂಡಿಯಿಂದ ಎಲ್ಲರ ಕೈಗೆ ಬಂತು. ನೋಟಾ ಒತ್ತುವುದು ಸರಿಯೋ ತಪ್ಪೋ ಬೇರೆ ಮಾತು.

ಹೆಂಗಸರ ವಿಷಯವೂ ಹೀಗೇ. ‘ಅವಳಿಗೆ ಗೊತ್ತಾಗಲ್ಲ ಮೇಡಂ, ನಾನೂ ಒಳಗೆ ಹೋಗಿ ತೋರಿಸ್ತೀನಿ’ ಅನ್ನುವ ಗಂಡಂದಿರು ಪ್ರತಿ ಮತಗಟ್ಟೆಯಲ್ಲೂ ಇರುತ್ತಾರೆ. ಕಣ್ಣು ಕಾಣದವರಿಗೆ, ಕೈಲಾಗದವರಿಗೆ ಮಾತ್ರ ಜೊತೆಗಾರರನ್ನು ಬಿಡಬಹುದು. ಉಳಿದವರಿಗೆ ಇಲ್ಲ. ರಟ್ಟಿನ ಮೇಲೆ ಅಚ್ಚು ಮಾಡಿದ ಬ್ಯಾಲೆಟ್ ಯೂನಿಟ್ ಮಾದರಿ ನಮ್ಮ ಹತ್ತಿರ ಇರುತ್ತದೆ. ಅದನ್ನು ಮರೆಯ ಹೊರಗೆ, ಎಲ್ಲರ ಎದುರು ತೋರಿಸಿ ‘ಇಲ್ಲಿ ಒತ್ತಿ, ಕೂಗೋವರೆಗೆ ನಿಲ್ಲಿ ಅವ್ವ’ ಅಂದರೆ ಸಾಕು. ಅರ್ಥವಾಗದೆ ವಾಪಸು ಬಂದವರನ್ನು ನಾನು ನೋಡಿಲ್ಲ. ಗಂಡ ಬಾಗಿಲಲ್ಲಿ ಕಾಯುತ್ತಾನೆ, ಹೆಂಡತಿ ಒಬ್ಬಳೇ ಮರೆಯೊಳಗೆ ಹೋಗುತ್ತಾಳೆ. ಎಷ್ಟೋ ಮನೆಗಳಲ್ಲಿ ಅವಳು ಯಾರನ್ನೂ ಕೇಳದೆ ತೀರ್ಮಾನ ಮಾಡುವ ಜಾಗ ಅದೊಂದೇ ಇರಬಹುದು. ಕಣ್ಣು ಕಾಣದವರಿಗಾಗಿ ಗುಂಡಿಗಳ ಪಕ್ಕ ಬ್ರೈಲ್ ಅಂಕಿಗಳಿವೆ. ಬ್ರೈಲ್‌ನಲ್ಲಿ ಅಚ್ಚಾದ ಅಭ್ಯರ್ಥಿಗಳ ಪಟ್ಟಿಯನ್ನೂ ಕೊಡುತ್ತಾರೆ. ಬ್ರೈಲ್ ಕಲಿತ ಹುಡುಗರು ಬೆರಳಾಡಿಸಿ ತಾವೇ ಒತ್ತಿ ಬರುತ್ತಾರೆ. ಪೇಪರಿನಲ್ಲಿ ಇದು ಆಗುತ್ತಿರಲಿಲ್ಲ.

ಇನ್ನು ಅಣಕು ಮತದಾನದ ಬಗ್ಗೆ. ‘ಯಂತ್ರ ಮೊದಲೇ ತುಂಬಿಸಿ ತರ್ತಾರೆ’ ಅನ್ನುವವರು ಒಂದು ಸಲ ಏಜೆಂಟ್ ಆಗಿ ಬಂದು ಕೂರಬೇಕು ಅಂತ ನನ್ನ ಆಸೆ. ಏಳಕ್ಕೆ ಮತದಾನ ಅಂದರೆ ಐದೂವರೆಗೇ ಏಜೆಂಟರ ಎದುರು ಇದು ಶುರು. ಕನಿಷ್ಠ 50 ಮತ ಹಾಕಬೇಕು. ಪ್ರತಿ ಅಭ್ಯರ್ಥಿಗೂ, ನೋಟಾಕ್ಕೂ ಹಾಕಬೇಕು. ಆಮೇಲೆ ಕ್ಲೋಸ್, ರಿಸಲ್ಟ್, ಕ್ಲಿಯರ್. ನಮ್ಮ ಬಾಯಲ್ಲಿ ಅದು ‘ಸಿಆರ್‌ಸಿ’. ರಿಸಲ್ಟಿನಲ್ಲಿ ಬಂದ ಅಂಕಿ, ಪ್ರಿಂಟರಿನ ಚೀಟಿಗಳು, ಏಜೆಂಟರು ಬರೆದುಕೊಂಡ ಲೆಕ್ಕ ಮೂರೂ ತಾಳೆಯಾಗಬೇಕು. ಕ್ಲಿಯರ್ ಮಾಡಿ ಸೊನ್ನೆ ತೋರಿಸಬೇಕು. ಆ ಚೀಟಿಗಳ ಬೆನ್ನಿಗೆ ಮೊಹರು ಹೊಡೆದು ಕಪ್ಪು ಲಕೋಟೆಗೆ ಹಾಕಿ ಸೀಲ್ ಮಾಡಬೇಕು. ಹಸಿರು ಕಾಗದದ ಸೀಲಿಗೆ ಏಜೆಂಟರೂ ಸಹಿ ಹಾಕಬಹುದು. ಸಂಜೆ ಒಟ್ಟು ಎಷ್ಟು ಮತ ಬಿತ್ತು ಅಂತ 17-ಸಿ ನಮೂನೆಯಲ್ಲಿ ಬರೆದು ಅವರಿಗೂ ಒಂದೊಂದು ಪ್ರತಿ ಕೊಡಬೇಕು. ಎಣಿಕೆಯ ದಿನ ಅದೇ ಸಂಖ್ಯೆ ಯಂತ್ರದಲ್ಲಿ ಬರಬೇಕು.

ಇಷ್ಟೆಲ್ಲ ಇದ್ದರೂ ಎಷ್ಟೋ ಕಡೆ ಐದೂವರೆಗೆ ಏಜೆಂಟರು ಬರುವುದೇ ಇಲ್ಲ. ಬಂದವರೂ ಕಣ್ಣುಜ್ಜುತ್ತಾ ‘ಮುಗಿಸಿ ಮೇಡಂ’ ಅನ್ನುತ್ತಾರೆ. ಯಂತ್ರದ ಮೇಲೆ ನಂಬಿಕೆ ಬರಬೇಕಾದ ಜಾಗ ಇದು. ಊರಿನವರೇ ಬಂದು ಕೈಯಿಂದ ಒತ್ತಿ ನೋಡಬಹುದಾದ ಜಾಗ. ಪಕ್ಷಗಳು ಭಾಷಣಕ್ಕೆ ಖರ್ಚು ಮಾಡುವ ಶಕ್ತಿಯಲ್ಲಿ ಸ್ವಲ್ಪವನ್ನು ಏಜೆಂಟರ ತರಬೇತಿಗೆ ಕೊಟ್ಟಿದ್ದರೆ ಅರ್ಧ ಅನುಮಾನ ಅಲ್ಲೇ ತೀರುತ್ತಿತ್ತು.

ಈಗ ಕೊರತೆಗಳಿಗೆ ಬರುತ್ತೇನೆ. ಮೊದಲನೆಯದು ಏಳು ಸೆಕೆಂಡು.

ವಿವಿಪ್ಯಾಟ್ ಮೊದಲು ಬಳಕೆಯಾದದ್ದು 2013ರಲ್ಲಿ, ನಾಗಾಲ್ಯಾಂಡಿನ ನೊಕ್ಸೆನ್ ಕ್ಷೇತ್ರದಲ್ಲಿ. 2019ರ ಲೋಕಸಭೆಗೆ ಎಲ್ಲ ಮತಗಟ್ಟೆಗೂ ಬಂತು. ಗುಂಡಿ ಒತ್ತಿದ ಮೇಲೆ ಕ್ರಮಸಂಖ್ಯೆ, ಹೆಸರು, ಚಿಹ್ನೆ ಇರುವ ಚೀಟಿ ಗಾಜಿನ ಹಿಂದೆ ಏಳು ಸೆಕೆಂಡು ಕಾಣಿಸುತ್ತದೆ. ಆಮೇಲೆ ಕತ್ತರಿಸಿ ಒಳಗಿನ ಡಬ್ಬಕ್ಕೆ ಬೀಳುತ್ತದೆ. ಇಪ್ಪತ್ತೈದು ವರ್ಷದ ಹುಡುಗನಿಗೆ ಏಳು ಸೆಕೆಂಡು ಧಾರಾಳ. ಎಪ್ಪತ್ತೈದರ ಅಜ್ಜಿಗೆ? ಅವರು ಮೊದಲು ತಮ್ಮ ಬೆರಳನ್ನು ನೋಡುತ್ತಾರೆ. ಆಮೇಲೆ ಕೆಂಪು ದೀಪ. ಆಮೇಲೆ ಪಕ್ಕದ ಪೆಟ್ಟಿಗೆಗೆ ತಿರುಗಬೇಕು, ಬಗ್ಗಬೇಕು, ಗಾಜಿನೊಳಗೆ ಕಣ್ಣು ಹಾಯಿಸಬೇಕು. ಅಷ್ಟರಲ್ಲಿ ಚೀಟಿ ಬಿದ್ದಿರುತ್ತದೆ. ಪ್ರಿಂಟರನ್ನು ನೇರ ಬಲ್ಬಿನ ಕೆಳಗೆ ಇಡಬಾರದು ಅಂತ ತರಬೇತಿಯಲ್ಲಿ ಹೇಳಿಕೊಡುತ್ತಾರೆ. ಹಾಗಾಗಿ ಮರೆಯೊಳಗೆ ಬೆಳಕೂ ಕಡಿಮೆ. ‘ಚೀಟಿ ನೋಡಿದ್ರಾ ಅಜ್ಜಿ?’ ಅಂದರೆ ‘ಯಾವ ಚೀಟಿ?’ ಅಂತ ಕೇಳಿದವರು ತುಂಬಾ ಜನ. ನೋಡುವುದಕ್ಕೆಂದೇ ಮಾಡಿದ್ದನ್ನು ನೋಡಲು ಆಗುತ್ತಿಲ್ಲ ಅಂದರೆ ಅದು ನೋಡುವವರ ತಪ್ಪಲ್ಲ. ಹನ್ನೆರಡು ಸೆಕೆಂಡು ಮಾಡಲಿ. ಸಾಲು ಸ್ವಲ್ಪ ನಿಧಾನವಾಗುತ್ತದೆ, ಆಗಲಿ. ಚೀಟಿಯ ಅಕ್ಷರ ದಪ್ಪವಾಗಲಿ. ಬ್ಯಾಲೆಟ್ ಯೂನಿಟ್ ಮೇಲಿನ ಹಾಳೆಯಲ್ಲಿ ಇಂಥ ಕೆಲಸ ಆಗಿದೆ. 2015ರಲ್ಲಿ ಅಭ್ಯರ್ಥಿಗಳ ಫೋಟೊ ಬಂತು, ಒಂದೇ ಹೆಸರಿನ ಇಬ್ಬರು ನಿಂತಾಗ ಆಗುತ್ತಿದ್ದ ಗೊಂದಲ ಕಡಿಮೆಯಾಯಿತು. 2025ರ ಬಿಹಾರ ಚುನಾವಣೆಯಿಂದ ಫೋಟೊ ಬಣ್ಣದ್ದಾಗಿದೆ, ಮುಖ ದೊಡ್ಡದಾಗಿದೆ. ಅದೇ ಕಾಳಜಿ ಚೀಟಿಗೂ ಬರಲಿ.

ಎರಡನೆಯದು ದೂರಿನ ದಾರಿ. ‘ನಾನು ಒತ್ತಿದ್ದು ಒಂದು, ಚೀಟಿ ಬಂದದ್ದು ಇನ್ನೊಂದು’ ಅಂತ ಮತದಾರರು ಹೇಳಿದರೆ ಏನಾಗುತ್ತದೆ? ನಿಯಮ 49-ಎಂಎ ಪ್ರಕಾರ ಅವರು ಬರಹದಲ್ಲಿ ಘೋಷಣೆ ಕೊಡಬೇಕು. ಸುಳ್ಳಾದರೆ ಶಿಕ್ಷೆಯಾಗುತ್ತದೆ ಅಂತ ನಾನು ಮೊದಲೇ ಎಚ್ಚರಿಸಬೇಕು. ಆಮೇಲೆ ನನ್ನ ಎದುರು, ಏಜೆಂಟರ ಎದುರು ಒಂದು ಪರೀಕ್ಷಾ ಮತ ಹಾಕಬೇಕು. ಚೀಟಿ ತಪ್ಪು ಬಂದರೆ ಮತದಾನ ನಿಲ್ಲುತ್ತದೆ. ಸರಿ ಬಂದರೆ ದೂರು ಸುಳ್ಳು. ಆದರೆ ಈಗ ಸರಿ ಬಂತು ಅಂದ ಮಾತ್ರಕ್ಕೆ ಆಗಲೂ ಸರಿ ಬಂದಿತ್ತು ಅಂತ ಹೇಗೆ ಹೇಳುವುದು? ಗಣಿತದ ತರಗತಿಯಲ್ಲಿ ಹುಡುಗರು ಹೀಗೆ ಸಾಧಿಸಿದರೆ ನಾನು ಒಪ್ಪುವುದಿಲ್ಲ. ಸುಮ್ನೆ ಗಲಾಟೆ ಎಬ್ಬಿಸುವವರನ್ನು ತಡೆಯಲು ಈ ನಿಯಮ ಅಂತ ನನಗೆ ಗೊತ್ತು. ಅವರನ್ನು ತಡೆಯಲೇಬೇಕು. ಆದರೆ ಜೈಲಿನ ಹೆಸರು ಕೇಳಿದ ಕೂಡಲೇ ನಿಜವಾದ ಅನುಮಾನ ಇದ್ದವರೂ ‘ಬೇಡ ಬಿಡಿ ಮೇಡಮ್ಮೋರೆ’ ಅಂತ ಹೋಗುತ್ತಾರೆ. ಆ ಅನುಮಾನ ಮನೆಗೆ ಹೋಗುತ್ತದೆ, ಅಲ್ಲಿಂದ ಊರಿಗೆ.

ಚೀಟಿ ಎಣಿಕೆಯ ಬಗ್ಗೆಯೂ ಒಂದು ಮಾತಿದೆ. 2019ರ ಏಪ್ರಿಲಿನಿಂದ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಲಾಟರಿ ಎತ್ತಿ ಐದು ಮತಗಟ್ಟೆಗಳ ಚೀಟಿ ಎಣಿಸಿ ಯಂತ್ರದ ಲೆಕ್ಕಕ್ಕೆ ತಾಳೆ ನೋಡುತ್ತಾರೆ. ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಒಂದು ಇದ್ದದ್ದು ಐದಾಯಿತು. ಎಲ್ಲ ಚೀಟಿ ಎಣಿಸಿ ಅನ್ನುವ ಅರ್ಜಿಯನ್ನು ಕೋರ್ಟ್ 2024ರ ಏಪ್ರಿಲ್ 26ರಂದು ತಳ್ಳಿಹಾಕಿತು. ವಿವಿಪ್ಯಾಟ್‌ಗೆ ಚಿಹ್ನೆ ತುಂಬಿಸುವ ಉಪಕರಣವನ್ನು ಫಲಿತಾಂಶದ ನಂತರ 45 ದಿನ ಸೀಲ್ ಮಾಡಿ ಇಡಿ ಅಂದಿತು. ಎರಡನೇ, ಮೂರನೇ ಸ್ಥಾನ ಬಂದವರು ಖರ್ಚು ಕಟ್ಟಿದರೆ ಶೇಕಡ 5 ಯಂತ್ರಗಳನ್ನು ಪರೀಕ್ಷಿಸಬಹುದು ಅಂತಲೂ ಹೇಳಿತು. ಒಳ್ಳೆಯದೇ. ನನ್ನ ತಕರಾರು ‘ಐದು’ ಅನ್ನುವ ಗಟ್ಟಿ ಸಂಖ್ಯೆಯ ಮೇಲೆ. 2023ರಲ್ಲಿ ನಮ್ಮ ರಾಜ್ಯದಲ್ಲಿ 224 ಕ್ಷೇತ್ರಕ್ಕೆ 58 ಸಾವಿರಕ್ಕೂ ಹೆಚ್ಚು ಮತಗಟ್ಟೆ ಇದ್ದವು. ಸರಾಸರಿ ಒಂದು ಕ್ಷೇತ್ರಕ್ಕೆ 260ರಷ್ಟು. ಗೆಲುವಿನ ಅಂತರ ಐವತ್ತು ಸಾವಿರ ಇದ್ದರೂ ಐದೇ, ಜಯನಗರದಲ್ಲಿ ಅದೇ ವರ್ಷ ಬಂದ ಹಾಗೆ 16 ಇದ್ದರೂ ಐದೇ. ಅಂತರ ದೊಡ್ಡದಿದ್ದರೆ ಕಡಿಮೆ ಎಣಿಸಿದರೂ ಸಾಕು. ಚಿಕ್ಕದಿದ್ದರೆ ಜಾಸ್ತಿ ಎಣಿಸಬೇಕು, ತೀರಾ ಚಿಕ್ಕದಿದ್ದರೆ ಎಲ್ಲವನ್ನೂ. ಇದು ಹತ್ತನೇ ತರಗತಿ ಮಕ್ಕಳಿಗೂ ಹೇಳಿ ಅರ್ಥ ಮಾಡಿಸಬಹುದಾದ ಲೆಕ್ಕ.

ಈಗ ನನ್ನನ್ನು ಹೆಚ್ಚು ಕಾಡುವ ವಿಷಯ. ಊರಿನ ಗುಟ್ಟು.

ಪೇಪರ್ ಕಾಲದಲ್ಲಿ ಪ್ರತಿ ಪೆಟ್ಟಿಗೆಯಲ್ಲಿ ಎಷ್ಟು ಚೀಟಿ ಇದೆ ಅಂತ ಎಣಿಸಿದ ಮೇಲೆ, ಹಲವು ಮತಗಟ್ಟೆಗಳ ಚೀಟಿಯನ್ನು ಒಟ್ಟಿಗೆ ಬೆರೆಸಿ, ಕಟ್ಟು ಕಟ್ಟಿ ಎಣಿಸುವ ಪದ್ಧತಿ ಇತ್ತು. ಹತ್ತು ತೋಟದ ಕೊಬ್ಬರಿ ಒಂದೇ ರಾಶಿಗೆ ಸುರಿದ ಮೇಲೆ ಯಾವುದು ಯಾರ ತೋಟದ್ದು ಅಂತ ಹೇಳಲಾಗುತ್ತದಾ? ಹಾಗೆ. ಯಂತ್ರದಲ್ಲಿ ಇದು ಆಗುವುದಿಲ್ಲ. ಒಂದೊಂದು ಯಂತ್ರದ ರಿಸಲ್ಟ್ ಬೇರೆ ಬೇರೆ ಬರುತ್ತದೆ. ಆ ಪಟ್ಟಿ ಫಾರಂ 20 ಅನ್ನುವ ಫಲಿತಾಂಶದ ಹಾಳೆಯಲ್ಲಿ ಮತಗಟ್ಟೆವಾರು ಅಚ್ಚಾಗುತ್ತದೆ, ಆಮೇಲೆ ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಪಟ್ಟಣದಲ್ಲಿ ಇದರಿಂದ ಅಷ್ಟೇನೂ ತೊಂದರೆಯಿಲ್ಲ. ನಮ್ಮ ಕಡೆ ಒಂದು ಹಳ್ಳಿಗೆ ಒಂದೋ ಎರಡೋ ಮತಗಟ್ಟೆ. ಕಾಲೋನಿಯ ಮತ ಒಂದು ಬೂತಿಗೆ, ಊರೊಳಗಿನದು ಇನ್ನೊಂದಕ್ಕೆ ಬರುವ ಹಾಗೆ ಎಷ್ಟೋ ಕಡೆ ಇದೆ. ಅಂದರೆ ಯಾವ ಬೀದಿ ಯಾರಿಗೆ ಹಾಕಿತು ಅನ್ನುವುದು ಹೆಚ್ಚುಕಮ್ಮಿ ಬಯಲು.

ಎಣಿಕೆಯ ಮಾರನೆಯ ದಿನ ಯಾವ ಊರಿನ ಟೀ ಅಂಗಡಿಗೆ ಹೋದರೂ ಒಂದೇ ಮಾತು: ‘ನಮ್ಮೂರಲ್ಲಿ ಲೀಡ್ ಎಷ್ಟು?’ ಲೀಡ್ ಕೊಟ್ಟ ಊರಿಗೆ ಸಿಮೆಂಟ್ ರಸ್ತೆ, ಕೊಡದ ಊರಿಗೆ ಮುಂದಿನ ಸಲ ನೋಡೋಣ. ನಾನು ಪಾಠ ಮಾಡುತ್ತಿದ್ದ ಒಂದು ಊರಿನಲ್ಲಿ, ಹೆಸರು ಬೇಡ, ಬೋರ್‌ವೆಲ್ ಮೋಟಾರ್ ಸುಟ್ಟುಹೋದಾಗ ಹೆಂಗಸರು ಕೇಳಲು ಹೋದರು. ‘ನಿಮ್ಮ ಬೂತಲ್ಲಿ ನಮಗೆ ಬಿದ್ದದ್ದು ಎಷ್ಟು, ನೋಡ್ಕೊಂಡು ಬನ್ನಿ’ ಅಂತ ಉತ್ತರ ಬಂತು. ಅವರಲ್ಲಿ ಎಷ್ಟು ಜನ ಯಾರಿಗೆ ಒತ್ತಿದ್ದರೋ ಯಾರಿಗೂ ಗೊತ್ತಿಲ್ಲ. ಆದರೆ ಬೂತಿನ ಅಂಕಿ ಗೊತ್ತಿತ್ತು, ಶಿಕ್ಷೆ ಎಲ್ಲರಿಗೂ ಸಮನಾಗಿ ಹಂಚಿಕೆಯಾಯಿತು. ಆ ಹೆಂಗಸರು ಮಾತಾಡಿಕೊಂಡದ್ದು ನನಗೆ ಇನ್ನೂ ನೋವು ಕೊಡುತ್ತದೆ: ‘ಮುಂದಿನ ಸಲ ಗೆಲ್ಲೋರು ಯಾರೂಂತ ಮೊದಲೇ ತಿಳ್ಕೊಂಡು ಅವರಿಗೇ ಹಾಕೋಣ.’ ರಟ್ಟಿನ ಮರೆ ಕಟ್ಟಿ, ಗಂಡನನ್ನು ಬಾಗಿಲಲ್ಲಿ ನಿಲ್ಲಿಸಿ ಅಷ್ಟು ಜತನದಿಂದ ನಾವು ಕಾಯುವ ಗುಟ್ಟು ಎಣಿಕೆ ಮೇಜಿನಲ್ಲಿ ಹೀಗೆ ಸೋರಿಹೋಗುತ್ತದೆ.

ಇದಕ್ಕೆ ಪರಿಹಾರ ಇಲ್ಲವಾ? ಇದೆ. ‘ಟೋಟಲೈಸರ್’ ಅನ್ನುವ ಉಪಕರಣ. ಹದಿನಾಲ್ಕು ಕಂಟ್ರೋಲ್ ಯೂನಿಟ್‌ಗಳನ್ನು ಒಟ್ಟಿಗೆ ಸೇರಿಸಿ ಮೊತ್ತ ಮಾತ್ರ ತೋರಿಸುತ್ತದೆ. ಯಾವ ಮತಗಟ್ಟೆಯದು ಎಷ್ಟು ಅನ್ನುವುದು ತಿಳಿಯುವುದಿಲ್ಲ. ಚುನಾವಣಾ ಆಯೋಗ 2008ರಲ್ಲೇ ಇದನ್ನು ತರೋಣ ಅಂದಿತು. ಕಾನೂನು ಆಯೋಗ 2015ರಲ್ಲಿ ಕೊಟ್ಟ 255ನೇ ವರದಿಯಲ್ಲಿ ಒಪ್ಪಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಬೂತ್‌ವಾರು ಅಂಕಿ ಗೊತ್ತಾದರೆ ಕಡಿಮೆ ಮತ ಬಂದ ಕಡೆ ಪಕ್ಷಗಳು ಜಾಸ್ತಿ ಕೆಲಸ ಮಾಡುತ್ತವೆ ಅನ್ನುವ ವಾದ ಬಂತು. ಆ ವಾದ ಮಾಡಿದವರು ನಮ್ಮ ಹಳ್ಳಿಯ ನೀರಿನ ಟ್ಯಾಂಕ್ ಮುಂದೆ ಒಂದು ದಿನ ನಿಂತು ನೋಡಬೇಕು. ಲೀಡ್ ಲೆಕ್ಕ ಎಲ್ಲ ಪಕ್ಷಕ್ಕೂ ಬೇಕು. ಹಾಗಾಗಿ ಇದರ ಬಗ್ಗೆ ಜೋರಾಗಿ ದನಿ ಎತ್ತುವ ಪಕ್ಷವನ್ನು ನಾನು ಕಂಡಿಲ್ಲ.

ಒಂದು ವಿಷಯ ನ್ಯಾಯವಾಗಿ ಹೇಳಬೇಕು. ಬೂತ್‌ವಾರು ಅಂಕಿಯಿಂದ ಒಂದು ಲಾಭವೂ ಇದೆ. 17-ಸಿಯ ಮೊತ್ತಕ್ಕೂ ಎಣಿಕೆಗೂ ತಾಳೆ ನೋಡುವುದು ಸುಲಭ, ಮೋಸ ಹಿಡಿಯುವುದು ಸುಲಭ. ಆದರೆ ಆ ತಾಳೆಗೆ ಬೇಕಾದದ್ದು ಒಟ್ಟು ಎಷ್ಟು ಮತ ಬಿತ್ತು ಅನ್ನುವುದು. ಯಾರಿಗೆ ಎಷ್ಟು ಅನ್ನುವುದಲ್ಲ. ಕಂಟ್ರೋಲ್ ಯೂನಿಟ್‌ನಲ್ಲಿ ‘ಟೋಟಲ್’ ಗುಂಡಿ ಬೇರೆ, ‘ರಿಸಲ್ಟ್’ ಗುಂಡಿ ಬೇರೆ ಇದ್ದೇ ಇದೆ. ಮೊತ್ತವನ್ನು ಮತಗಟ್ಟೆವಾರು ತೋರಿಸಿ, ಫಲಿತಾಂಶವನ್ನು ಬೆರೆಸಿ ತೋರಿಸಿ. ಎರಡೂ ಉಳಿಯುತ್ತವೆ.

ಅಭ್ಯರ್ಥಿಗಳ ಸಂಖ್ಯೆ ಜಾಸ್ತಿಯಾದಾಗ ಯಂತ್ರ ಹೇಗೆ ನಡೆದುಕೊಳ್ಳುತ್ತದೆ ಅಂತ ಕೆಲವರು ಕೇಳುತ್ತಾರೆ. ಒಂದು ಬ್ಯಾಲೆಟ್ ಯೂನಿಟ್‌ಗೆ 16 ಹೆಸರು. ಹಳೆಯ ಮಾದರಿಯಲ್ಲಿ ನಾಲ್ಕು ಯೂನಿಟ್ ಜೋಡಿಸಬಹುದಿತ್ತು, ಈಗಿನ ಎಂ-3ರಲ್ಲಿ ಇಪ್ಪತ್ತನಾಲ್ಕು. 2019ರಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ ಅರಿಶಿನ ಬೆಳೆಗಾರರು ಪ್ರತಿಭಟನೆಗಾಗಿ ಸಾಲಾಗಿ ನಾಮಪತ್ರ ಹಾಕಿದ್ದರಿಂದ ಕಣದಲ್ಲಿ 185 ಜನ ಉಳಿದರು. ಮತಗಟ್ಟೆಗೆ ಹನ್ನೆರಡು ಯೂನಿಟ್ ಜೋಡಿಸಿ ಚುನಾವಣೆ ನಡೆಸಿದರು. ನಮ್ಮ ಬೆಳಗಾವಿ ಲೋಕಸಭಾ ಕ್ಷೇತ್ರದಲ್ಲಿ 1996ರಲ್ಲಿ 456 ಜನ ನಿಂತಿದ್ದರು. ಅಷ್ಟು ಜನ ಇವತ್ತು ನಿಂತರೆ ಎಂ-3 ಕೂಡ ಸಾಲದು. ಅದರ ಮಿತಿ 384.

ಕೊನೆಗೆ ಪೇಪರ್ ಬಗ್ಗೆ. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ನಡೆದಾಗ ಬೀದರ್ ಜಿಲ್ಲೆಯಲ್ಲಿ ಮಾತ್ರ ಯಂತ್ರ, ಉಳಿದ ಕಡೆಯೆಲ್ಲ ಮತಪತ್ರ. ಹಾಗಾಗಿ ಎರಡು ಬಗೆಯನ್ನೂ ಹತ್ತಿರ ಹತ್ತಿರದ ವರ್ಷಗಳಲ್ಲಿ ಮಾಡುವ ಅವಕಾಶ ನಮಗೆ ಸಿಕ್ಕಿತು. ಪೇಪರಿನಲ್ಲಿ ಜನಕ್ಕೆ ಒಂದು ಸಮಾಧಾನ ಇದೆ, ಅದನ್ನು ನಾನು ಹಗುರ ಮಾಡುವುದಿಲ್ಲ. ತಾವೇ ಒತ್ತಿದ ಮೊಹರು, ತಾವೇ ಮಡಚಿದ ಚೀಟಿ, ತಾವೇ ಪೆಟ್ಟಿಗೆಗೆ ಹಾಕಿದ್ದು. ಏಳು ಸೆಕೆಂಡಿನ ಗಡಿಬಿಡಿ ಇಲ್ಲ. ಆದರೆ ವಾರ್ಡಿಗೆ ಎರಡು ಮೂರು ಸದಸ್ಯರಿದ್ದರೆ ಎರಡು ಮೂರು ಮತ, ಪಕ್ಷದ ಚಿಹ್ನೆ ಇಲ್ಲ, ಆಟೊ, ಕುಕ್ಕರ್ ಅಂತ ಹೊಸ ಹೊಸ ಗುರುತು. ಹಳೆಯ ತೊಂದರೆಗಳೆಲ್ಲ ವಾಪಸು ಬಂದವು. ಎಣಿಕೆ ರಾತ್ರಿಯವರೆಗೆ ಎಳೆಯಿತು. ತಿರಸ್ಕೃತ ಚೀಟಿಗಳ ಕಟ್ಟು ಮತ್ತೆ ಮೇಜಿನ ಮೇಲೆ ಕಂಡಿತು. ಪಂಚಾಯಿತಿಯಲ್ಲಿ ಗೆಲುವು ಸೋಲು ಬೆರಳೆಣಿಕೆಯ ಮತದಲ್ಲಿ ನಿರ್ಧಾರವಾಗುತ್ತದೆ. ಅಂಥ ಕಡೆ ಆ ಕಟ್ಟೇ ಫಲಿತಾಂಶ ತಿರುಗಿಸಬಹುದು.

ಆದ್ದರಿಂದ ನನ್ನ ಅಂಕ ಯಂತ್ರಕ್ಕೇ ಹೆಚ್ಚು. ಮರೆಯೊಳಗಿನ ಕೆಲಸಕ್ಕೆ ಹತ್ತಕ್ಕೆ ಒಂಬತ್ತು. ಚೀಟಿ ತೋರಿಸುವುದಕ್ಕೆ ಐದು. ದೂರು ಕೇಳುವುದಕ್ಕೆ ಮೂರು. ಎಣಿಕೆ ಮೇಜಿನಲ್ಲಿ ಊರಿನ ಗುಟ್ಟು ಕಾಯುವುದಕ್ಕೆ ಸೊನ್ನೆ. ಸ್ಥಳೀಯ ಸಂಸ್ಥೆಗಳಿಗೆ ಪೇಪರೇ ಬರುವುದಾದರೆ ರಾಜ್ಯ ಚುನಾವಣಾ ಆಯೋಗಕ್ಕೆ ನನ್ನ ಕೋರಿಕೆ ಇಷ್ಟು. ಒಂದು ವಾರ್ಡಿನ ಮತಗಟ್ಟೆಗಳ ಚೀಟಿಯನ್ನು ಬೆರೆಸಿಯೇ ಎಣಿಸಬೇಕು ಅಂತ ನಿಯಮದಲ್ಲಿ ಬರೆಯಿರಿ. ಯಂತ್ರವೇ ಉಳಿಯುವುದಾದರೆ ಟೋಟಲೈಸರ್ ಕೇಳಿ. ಏಜೆಂಟ್ ಆಗಿ ಕೂರುವ ಹುಡುಗರಿಗೂ ಒಂದು ಮಾತು: ಐದೂವರೆಗೆ ಬನ್ನಿ, ಐವತ್ತು ಮತವನ್ನೂ ನೀವೇ ಒತ್ತಿ ನೋಡಿ, 17-ಸಿ ಪ್ರತಿ ಕೈಗೆ ಸಿಗುವವರೆಗೆ ಮತಗಟ್ಟೆ ಬಿಟ್ಟು ಏಳಬೇಡಿ.